ಎರಡು ಕಾರ್ಡುಗಳ ಸರದಿ

ನನ್ನ ತಂದೆ ಮಳವಳ್ಳಿಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರಾಗಿದ್ದರು. ಮೂರು ವರ್ಷ ನಾನೂ ಅವರ ತರಗತಿಯಲ್ಲಿ ಕೂತು ಪಾಠ ಕೇಳಿದವನೇ. ಲೆಕ್ಕದ ಉತ್ತರ ಬಂದ ಕೂಡಲೇ ಪೆನ್ನು ಕೆಳಗಿಡುವ ಹುಡುಗರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. “ಉತ್ತರ ಬಂತು, ಸರಿ. ಇದು ನಡೆಯೋ ಮಾತಾ ಅಂತ ಒಂದ್ಸಲ ನೋಡು” ಎನ್ನುತ್ತಿದ್ದರು. ಬಾವಿ ತೋಡುವುದಕ್ಕೆ ಎರಡೂವರೆ ಆಳು ಬೇಕೆಂದು ಒಬ್ಬ ಬರೆದಿದ್ದಾಗ, ಆ ಅರ್ಧ ಆಳು ಯಾವ ಊರಿನವನಪ್ಪಾ ಎಂದು ಕೇಳಿ ಇಡೀ ತರಗತಿಯನ್ನು ನಗಿಸಿದ್ದರು. ಹಾಗೆ ಬರೆದವನು ನಾನೇ.

ಎಪ್ಪತ್ತರ ದಶಕದ ನಡುವಿನಲ್ಲಿ ನನಗೆ ಮಂಡ್ಯದಲ್ಲಿ ಕೆಲಸ ಸಿಕ್ಕಿತು. ಪಬ್ಲಿಕ್ ಪರೀಕ್ಷೆಯ ಅಂಕಗಳನ್ನು ಕಂಪ್ಯೂಟರಿನಲ್ಲಿ ಕೂಡಿಸಿ ಫಲಿತಾಂಶ ತಯಾರಿಸಿಕೊಡುವ ಗುತ್ತಿಗೆಯನ್ನು ಒಂದು ಖಾಸಗಿ ಕಂಪನಿ ಹಿಡಿದಿತ್ತು. ರೈಲ್ವೆ ಸ್ಟೇಷನ್ನಿನ ಹತ್ತಿರ ಒಂದು ಮಹಡಿಯ ಮೇಲೆ ಅದರ ಶಾಖೆ. ಐದಾರು ಹೆಂಗಸರು ದಿನವಿಡೀ ಯಂತ್ರದ ಮುಂದೆ ಕೂತು ದಪ್ಪ ಕಾಗದದ ಕಾರ್ಡುಗಳಲ್ಲಿ ತೂತು ಹೊಡೆಯುತ್ತಿದ್ದರು. ಒಂದು ಕಾರ್ಡಿಗೆ ಒಬ್ಬ ವಿದ್ಯಾರ್ಥಿ. ಆ ಕಾರ್ಡುಗಳನ್ನು ತಗಡಿನ ಟ್ರೇಗಳಲ್ಲಿ ಜೋಡಿಸಿ, ರೈಲಿನಲ್ಲಿ ಬೆಂಗಳೂರಿಗೆ ಒಯ್ದು, ಅಲ್ಲಿ ಕೆಲವು ಮಧ್ಯಾಹ್ನಗಳ ಮಟ್ಟಿಗೆ ನಮಗೆ ಬಿಟ್ಟುಕೊಟ್ಟಿದ್ದ ದೊಡ್ಡ ಯಂತ್ರಕ್ಕೆ ಉಣಿಸಿ, ಅಚ್ಚಾದ ಪಟ್ಟಿಗಳನ್ನು ಹೊತ್ತು ಸಂಜೆಯ ರೈಲಿಗೆ ವಾಪಸ್ಸು ಬರುವುದು ನನ್ನ ಕೆಲಸ. ಯಂತ್ರಕ್ಕೆ ಬೇಕಾದ ಆದೇಶಗಳನ್ನು ಬರೆಯುವವನೂ ನಾನೇ. ಅಪ್ಪ ಅದನ್ನು ಶಾಲೆಯಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದರು. ಅವರು ಯಾವ ವಿಷಯಕ್ಕೂ ಹಾಗೆ ಹೇಳಿಕೊಳ್ಳುವವರಲ್ಲ.

ಆ ಯಂತ್ರಕ್ಕೆ ಪ್ರತಿಯೊಂದನ್ನೂ ಹಂತಹಂತವಾಗಿ ಹೇಳಬೇಕಿತ್ತು. ಈ ಅಂಕ ಓದು, ಕೂಡಿಸು, ಮೂವತ್ತೈದಕ್ಕಿಂತ ಕಡಿಮೆಯಿದ್ದರೆ ನಪಾಸು ಎಂದು ಅಚ್ಚು ಹಾಕು, ಹೀಗೆ. ಇಂಥ ಆದೇಶಗಳ ಪಟ್ಟಿಗೆ ಒಂದು ಹೆಸರಿಟ್ಟು ಯಂತ್ರದೊಳಗೆ ಶೇಖರಿಸಿಡುತ್ತಿದ್ದೆವು. ಪಟ್ಟಿಗಳನ್ನು ಇಟ್ಟ ಜಾಗಕ್ಕೆ ಲೈಬ್ರರಿ ಎನ್ನುತ್ತಿದ್ದೆವು. ಒಂದಕ್ಕಿಂತ ಹೆಚ್ಚು ಲೈಬ್ರರಿ ಇದ್ದರೆ ಮೊದಲು ಯಾವುದರಲ್ಲಿ ಹುಡುಕಬೇಕು, ಆಮೇಲೆ ಯಾವುದರಲ್ಲಿ ಎಂದು ಟ್ರೇಯ ಮುಂದುಗಡೆ ಇಟ್ಟ ಕಾರ್ಡುಗಳು ಹೇಳುತ್ತಿದ್ದವು. ಎಲ್ಲಕ್ಕಿಂತ ಮುಂದಿರುವ ಕಾರ್ಡು ಹೇಳಿದ ಲೈಬ್ರರಿಯನ್ನು ಯಂತ್ರ ಮೊದಲು ತೆರೆಯುತ್ತದೆ. ಕೇಳಿದ ಹೆಸರು ಅಲ್ಲಿ ಸಿಕ್ಕಿಬಿಟ್ಟರೆ ಅದನ್ನೇ ತೆಗೆದುಕೊಂಡು ಕೆಲಸ ಶುರುಮಾಡುತ್ತದೆ. ಅದೇ ಹೆಸರಿನ ಇನ್ನೊಂದು ಪಟ್ಟಿ ಹಿಂದಿನ ಲೈಬ್ರರಿಯಲ್ಲಿ ಇದೆಯೋ ಇಲ್ಲವೋ ಎಂದು ನೋಡುವುದಿಲ್ಲ. ಯಾವ ಲೈಬ್ರರಿಯಿಂದ ತೆಗೆದೆ ಎಂದು ನಮ್ಮ ಫಲಿತಾಂಶದ ಪಟ್ಟಿಗಳ ಮೇಲೆ ಅಚ್ಚು ಹಾಕುವುದೂ ಇಲ್ಲ.

ಆ ವರ್ಷದ ಗಣಿತದ ಪ್ರಶ್ನೆಪತ್ರಿಕೆಯಲ್ಲಿ ಒಂದು ತಪ್ಪಾಗಿತ್ತು. ಮೂರು, ನಾಲ್ಕು, ಎಂಟು ಸೆಂಟಿಮೀಟರಿನ ಬಾಹುಗಳಿರುವ ತ್ರಿಕೋನ ರಚಿಸಿ ಎಂದು ಐದು ಅಂಕಕ್ಕೆ ಕೇಳಿದ್ದರು. ಅಂಥ ತ್ರಿಕೋನ ಎಲ್ಲೂ ಇಲ್ಲ. ಮೂರೂ ನಾಲ್ಕೂ ಸೇರಿದರೂ ಎಂಟನ್ನು ಮುಟ್ಟುವುದಿಲ್ಲ. ಆ ಪ್ರಶ್ನೆಯನ್ನು ಬಿಟ್ಟು ಉಳಿದದ್ದನ್ನು ತಿದ್ದಬೇಕು, ಪರೀಕ್ಷೆಗೆ ಕೂತವರಿಗೆಲ್ಲ ಕೊನೆಯಲ್ಲಿ ಐದು ಅಂಕ ಸೇರಿಸಬೇಕು ಎಂದು ತೀರ್ಮಾನವಾಯಿತು. ಸೇರಿಸುವುದು ಯಂತ್ರದ ಪಾಲಿಗೆ ಬಂತು. ಐದು ಸೇರಿಸುವ ಹೊಸ ಆದೇಶಪಟ್ಟಿಯೊಂದನ್ನು ಬರೆದೆ. ಎಲ್ಲ ಟ್ರೇಗಳ ಕಾರ್ಡುಗಳಲ್ಲೂ ಹಳೆಯ ಹೆಸರೇ ತೂತಾಗಿ ಕೂತಿತ್ತು. ಅವನ್ನೆಲ್ಲ ಮತ್ತೆ ಹೊಡೆಸುವ ಬದಲು ಹೊಸದಕ್ಕೂ ಅದೇ ಹೆಸರಿಟ್ಟು, ಬೇರೆ ಲೈಬ್ರರಿಯಲ್ಲಿ ಇಟ್ಟು, ಹೊಸ ಲೈಬ್ರರಿಯ ಕಾರ್ಡನ್ನು ಮುಂದೆ, ಹಳೆಯದನ್ನು ಹಿಂದೆ ಇಟ್ಟೆ. ಮೊದಲೆರಡು ಜಿಲ್ಲೆಗಳ ಕೆಲಸ ಹಾಗೆ ಸರಿಯಾಗಿಯೇ ಮುಗಿಯಿತು.

ಮೂರನೆಯದು ಮಂಡ್ಯ ಜಿಲ್ಲೆ. ಅವತ್ತು ಬೆಳಿಗ್ಗೆ ನಮ್ಮ ಶಾಖೆಯ ಮುಖ್ಯಸ್ಥರು, ಆ ಐದು ಅಂಕದಿಂದ ಎಷ್ಟು ಜನ ಹೆಚ್ಚಿಗೆ ಪಾಸಾದರು ಎಂದು ಮೇಲಿನವರು ಕೇಳುತ್ತಿದ್ದಾರೆ, ಒಂದು ಸಣ್ಣ ಕಂತೆಯನ್ನು ಹಳೆಯ ರೀತಿಯಲ್ಲೂ ಹಾಕಿ ತೋರಿಸಿ ಎಂದಿದ್ದರು. ಬೆಂಗಳೂರಿಗೆ ಹೋದವನೇ ಎರಡು ಕಾರ್ಡುಗಳನ್ನು ಅದಲುಬದಲು ಮಾಡಿ, ಹಳೆಯದನ್ನು ಮುಂದೆ ಇಟ್ಟು ಆ ಕಂತೆಯನ್ನು ಮುಗಿಸಿದೆ. ಆಮೇಲೆ ಮಂಡ್ಯದ ಟ್ರೇ ಎತ್ತಿಕೊಂಡು ಅದೇ ಎರಡು ಕಾರ್ಡುಗಳನ್ನು ಅದರ ಮುಂದುಗಡೆ ಸೇರಿಸಿದೆ. ಅಪ್ಪನ ಶಾಲೆಯ ಫಲಿತಾಂಶವನ್ನು ಎಲ್ಲರಿಗಿಂತ ಮೊದಲು ನೋಡಬೇಕೆಂಬ ಆತುರ ನನಗೆ. ಅವುಗಳನ್ನು ಮತ್ತೆ ಮೊದಲಿನ ಸರದಿಗೆ ಇಡಲಿಲ್ಲ. ಮರೆತೆ ಎನ್ನುವುದಕ್ಕಿಂತ, ಅದರ ಕಡೆ ಮನಸ್ಸೇ ಇರಲಿಲ್ಲ ಎನ್ನುವುದು ನಿಜ.

ಕಾಗದ ಮಡಿಕೆಮಡಿಕೆಯಾಗಿ ಹೊರಗೆ ಬರುತ್ತಿದ್ದಾಗಲೇ ಬಗ್ಗಿ ಮಳವಳ್ಳಿಯ ಪುಟ ಹುಡುಕಿದೆ. ಅಪ್ಪನ ತರಗತಿಯಲ್ಲಿ ಯಾವ ವರ್ಷವೂ ಗಣಿತದಲ್ಲಿ ನಾಲ್ಕೈದು ಜನಕ್ಕಿಂತ ಹೆಚ್ಚು ನಪಾಸಾದದ್ದಿಲ್ಲ. ಈ ಸಲ ಅರ್ಧ ತರಗತಿಯ ಹೆಸರಿನ ಮುಂದೆ ನಪಾಸು ಎಂದಿತ್ತು. ಒಬ್ಬ ಹುಡುಗನಿಗೆ ಬರೀ ಎರಡು ಅಂಕ. ಅಪ್ಪ ಯಾವಾಗಲೂ ಬಾಯಿತುಂಬ ಹೇಳುತ್ತಿದ್ದ ಹುಡುಗಿಗೆ ಬೇರೆಲ್ಲದರಲ್ಲೂ ಅರವತ್ತರ ಮೇಲಿತ್ತು, ಗಣಿತದಲ್ಲಿ ಮೂವತ್ತೆರಡು.

ನಾನು ಅದನ್ನು ನಂಬಿದೆ. ಈಗಲೂ ನನ್ನಿಂದ ದಾಟಲಾಗದೆ ಇರುವುದು ಇದು. ಯಂತ್ರಕ್ಕೆ ಏನು ಹೇಳಿದ್ದೆ ಎಂದು ತಿರುಗಿ ನೋಡಬೇಕು ಅನ್ನಿಸಲಿಲ್ಲ. ರೈಲಿನಲ್ಲಿ ಬರುತ್ತಾ, ಅಪ್ಪ ಆ ಚಳಿಗಾಲದಲ್ಲಿ ಎರಡು ಸಲ ಛತ್ರಿ ಮರೆತು ಬಂದದ್ದು, ಒಂದೇ ಕತೆಯನ್ನು ಒಂದೇ ದಿನ ಎರಡು ಬಾರಿ ಹೇಳಿದ್ದು ಇಂಥವನ್ನೆಲ್ಲ ಒಂದೊಂದಾಗಿ ಹೆಕ್ಕಿ ಪೋಣಿಸಿಕೊಂಡೆ. ಮದ್ದೂರು ಸ್ಟೇಷನ್ನಿನಲ್ಲಿ ವಡೆ ಮಾರುವವನು ಕಿಟಕಿಯ ಹತ್ತಿರ ಬಂದು ನಿಂತಾಗ, ಅಪ್ಪನ ತಲೆ ಮಂಕಾಗುತ್ತಿದೆ ಎಂದು ನಾನು ತೀರ್ಮಾನ ಮಾಡಿ ಆಗಿತ್ತು.

ಆ ಹುಡುಗಿಯ ವಿಷಯ ಹೇಳಬೇಕು. ಅವಳ ತಂದೆ ಮಳವಳ್ಳಿಯಲ್ಲಿ ಕುಲುಮೆ ಇಟ್ಟುಕೊಂಡಿದ್ದ ಕಮ್ಮಾರರು. ಬೆಲ್ಲದ ಆಲೆಮನೆಗಳ ಗಾಣ ಕೆಟ್ಟರೆ ಸುತ್ತಿನ ಹಳ್ಳಿಗಳಿಂದ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಮಗಳು ಎಂಟನೇ ತರಗತಿ ಮುಗಿಸಿದಾಗ ಇನ್ನು ಸಾಕು ಎಂದು ಶಾಲೆ ಬಿಡಿಸಲು ಹೊರಟಿದ್ದರು. ಅಪ್ಪ ಕುಲುಮೆಗೆ ಹೋಗಿ ಬೆಂಚಿನ ಮೇಲೆ ಕೂತು, “ಇನ್ನೆರಡು ವರ್ಷ ಕಳಿಸಿ. ಇವಳು ಪಾಸಾಗೋದಕ್ಕೆ ನಾನು ಜವಾಬ್ದಾರಿ. ಆಮೇಲೆ ಮದ್ದೂರಿನ ಕಾಲೇಜಿಗೆ ಸೇರಿಸೋಣ” ಎಂದಿದ್ದರು. ಕಮ್ಮಾರರು ಒಪ್ಪಿದ್ದರು. ಹುಡುಗಿ ಎಷ್ಟೋ ಭಾನುವಾರ ನಮ್ಮ ಮನೆಯ ಜಗುಲಿಗೆ ಬಂದು ರೇಖಾಗಣಿತ ಹೇಳಿಸಿಕೊಂಡು ಹೋಗುತ್ತಿದ್ದಳು. ಶಾಲೆಗೆ ತಡವಾಗಿ ಸೇರಿದ್ದರಿಂದ ಆ ಹೊತ್ತಿಗೆ ಅವಳಿಗೆ ಹದಿನೇಳು ತುಂಬಿತ್ತು.

ಮೇ ತಿಂಗಳ ಕೊನೆಯಲ್ಲಿ ಫಲಿತಾಂಶ ಶಾಲೆಯ ಹಲಗೆಗೆ ಬಂತು. ಅಪ್ಪ ಅದರ ಮುಂದೆ ತುಂಬ ಹೊತ್ತು ನಿಂತಿದ್ದರಂತೆ. ಮಾರನೆಯ ದಿನದಿಂದ ನಪಾಸಾದವರ ಮನೆಗಳಿಗೆ ಒಂದೊಂದಾಗಿ ಹೋಗತೊಡಗಿದರು. ಬಾಗಿಲಲ್ಲಿ ನಿಂತು, “ತಪ್ಪು ನನ್ನದು, ಹುಡುಗನಿಗೆ ಹೊಡೀಬೇಡಿ” ಎಂದು ಹೇಳಿ ಬರುತ್ತಿದ್ದರಂತೆ. ಅಮ್ಮ ಇದನ್ನು ನನಗೆ ಹೇಳುವಾಗ ಅಳುತ್ತಿದ್ದಳು. ಕುಲುಮೆಗೂ ಹೋಗಿದ್ದರು. ಅಲ್ಲಿ ನಡೆದದ್ದನ್ನು ಅಪ್ಪನೇ ಆಮೇಲೆ ಹೇಳಿದರು.

“ಮೇಷ್ಟ್ರೇ, ನಿಮ್ ಮಾತಿಗೆ ಎಲ್ಡು ವರ್ಸ ತಡ್ದೆ” ಎಂದರಂತೆ ಕಮ್ಮಾರರು. “ನಿಮ್ ಮ್ಯಾಲೆ ನಂಗೇನು ಸಿಟ್ಟಿಲ್ಲ. ನಿಡಘಟ್ಟದ ಕಡೆಯೋರು ಕೇಳ್ತಾವ್ರೆ, ಒಳ್ಳೆ ಜನ. ಆಸಾಡ ಉಟ್ಟದ್ರೊಳಗೆ ಮುಗಿಸ್ಬುಡ್ತೀನಿ.”

“ಸೆಪ್ಟೆಂಬರಿನಲ್ಲಿ ಇನ್ನೊಂದ್ಸಲ ಕೂರಬಹುದು. ಅಲ್ಲೀತನಕ ತಡೀರಿ.”

“ಆಗಲೂ ಓಗ್ಬುಟ್ರೆ? ಬ್ಯಾಡ ಬುಡಿ ಮೇಷ್ಟ್ರೇ.”

ಒಮ್ಮೆ ಕೊಟ್ಟ ಮಾತು ಸುಳ್ಳಾಗಿರುವಾಗ ಇನ್ನೊಂದು ಮಾತು ಕೊಡುವ ಮುಖ ತನಗಿಲ್ಲ ಎಂದು ಅಪ್ಪ ಎದ್ದು ಬಂದಿದ್ದರು.

ಆ ವಾರದ ಭಾನುವಾರ ನಾನು ಊರಿಗೆ ಹೋದಾಗ ಅಪ್ಪ ಊಟದ ಮುಂದೆ ಕೂತು ಅನ್ನವನ್ನು ಬರೀ ಕಲಸುತ್ತಿದ್ದರು. ಸಮಾಧಾನ ಮಾಡುತ್ತಿದ್ದೇನೆ ಎಂದುಕೊಂಡು ನಾನು ಹೇಳಿದೆ: “ಅಪ್ಪ, ಇನ್ನು ಎರಡು ವರ್ಷ ಯಾಕೆ ಏಗ್ತೀರಿ? ಈಗಲೇ ನಿವೃತ್ತಿ ತಗೊಳ್ಳಿ. ವಯಸ್ಸಾದ ಮೇಲೆ ಎಲ್ಲರಿಗೂ ಸ್ವಲ್ಪ ಮರೆವು ಬರುತ್ತೆ. ಅದರಲ್ಲಿ ನಾಚಿಕೆಯೇನೂ ಇಲ್ಲ.”

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಸಿಟ್ಟು ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಮಾಡಿಕೊಳ್ಳಲಿಲ್ಲ. “ನಿನಗೂ ಹಾಗನ್ನಿಸ್ತಾ?” ಎಂದು ಮಾತ್ರ ಕೇಳಿದರು. ನಾನು ಹೂಂ ಎಂದೆ. ಅವರು ಎದ್ದು ಕೈ ತೊಳೆದುಕೊಂಡರು.

ಅದರ ಮುಂದಿನ ಭಾನುವಾರ ನಾನು ಬಸ್ಸಿಳಿದು ಮನೆಗೆ ಬರುವಾಗ ಅಪ್ಪ ಜಗುಲಿಯ ಮೇಲೆ ಕೂತಿದ್ದರು. ಮುಂದೆ ಶಾಲೆಯ ಅಂಕಪಟ್ಟಿ ಹರಡಿತ್ತು. ಚಪ್ಪಲಿ ಬಿಡುವುದಕ್ಕೂ ಬಿಡದೆ ಒಂದು ಸಾಲಿನ ಮೇಲೆ ಬೆರಳಿಟ್ಟರು.

“ಈ ಹುಡುಗನಿಗೆ ಗಣಿತದಲ್ಲಿ ಎಷ್ಟು?”

“ಎರಡು.”

“ಪರೀಕ್ಷೆಗೆ ಕೂತಿದ್ದನೋ ಇಲ್ಲವೋ?”

“ಕೂತಿದ್ದಾನೆ. ಇಲ್ಲದಿದ್ದರೆ ಗೈರುಹಾಜರು ಅಂತ ಬರ್ತಿತ್ತು.”

“ಕೂತವರಿಗೆಲ್ಲ ಐದು ಕೊಡಬೇಕು ಅಂತ ಸುತ್ತೋಲೆ ಬಂದಿತ್ತು. ಖಾಲಿ ಹಾಳೆ ಕೊಟ್ಟು ಎದ್ದು ಬಂದವನಿಗೂ ಐದಿರಬೇಕು. ಐದರ ಕೆಳಗೆ ಯಾರಿಗೂ ಬರೋದು ಸಾಧ್ಯವೇ ಇಲ್ಲ. ಹಾಗಿದ್ದಮೇಲೆ ಈ ಎರಡು ಎಲ್ಲಿಂದ ಬಂತು?”

ಆ ಎರಡನ್ನು ಅವರಿಗಿಂತ ಎರಡು ವಾರ ಮೊದಲೇ ನಾನು ನೋಡಿದ್ದೆ. ಏನಾಗಿರಬಹುದೆಂದು ಆ ಕ್ಷಣದಲ್ಲೇ ನನಗೆ ಹೊಳೆದಿತ್ತು. ಆದರೂ, “ನಾಳೆ ಹೋಗಿ ನೋಡ್ತೀನಿ” ಎಂದೆ.

“ನೋಡು. ಖಚಿತವಾದ ಕೂಡಲೇ ಬಸ್ಸಿನ ಕಂಡಕ್ಟರ ಕೈಲಿ ಒಂದು ಚೀಟಿ ಕಳಿಸು. ಇವತ್ತಿಗೆ ಹನ್ನೊಂದನೇ ದಿನ ಆ ಹುಡುಗಿ ಮದುವೆ. ಈ ಸಲ ಅನುಮಾನ ಇಟ್ಟುಕೊಂಡು ಅವರ ಮನೆಗೆ ಹೋಗಲಾರೆ. ನಿನ್ನ ಚೀಟಿ ಬರಲಿ, ಆ ಗಳಿಗೆಗೆ ಹೋಗ್ತೀನಿ.”

ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಕಪಾಟು ತೆಗೆದೆ. ಮಂಡ್ಯದ ಟ್ರೇಯ ಮುಂದುಗಡೆ ಎರಡೂ ಕಾರ್ಡುಗಳು ನಾನು ಇಟ್ಟ ಹಾಗೇ ಇದ್ದವು. ಹಳೆಯ ಲೈಬ್ರರಿ ಮುಂದೆ, ಹೊಸದು ಹಿಂದೆ. ಎರಡರಲ್ಲೂ ಒಂದೇ ಹೆಸರಿನ ಪಟ್ಟಿ. ಯಂತ್ರ ಮೊದಲು ಸಿಕ್ಕಿದ್ದನ್ನು ತೆಗೆದುಕೊಂಡಿತ್ತು. ಇಡೀ ಜಿಲ್ಲೆಯಲ್ಲಿ ಒಬ್ಬರಿಗೂ ಐದು ಅಂಕ ಸೇರಿರಲಿಲ್ಲ. ಸಾಲದೆಂದು ಕೈಬರಹದ ಮೂಲಪಟ್ಟಿಗಳನ್ನು ತೆಗೆದು ಬಸರಾಳಿನ ಶಾಲೆಯದನ್ನೂ ಹೊಳಲಿನ ಕೆಲವು ಹುಡುಗರದನ್ನೂ ಹೋಲಿಸಿದೆ. ಎಲ್ಲ ಕಡೆ ಅದೇ.

ಮುಖ್ಯಸ್ಥರು ಬಂದ ಕೂಡಲೇ ಹೇಳಿದೆ. ಅವರು ಕೂಗಾಡಲಿಲ್ಲ. ಬಾಗಿಲು ಹಾಕಿ ಬರಲು ಹೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಇದು ಯಾರಿಗೆಲ್ಲ ಗೊತ್ತು?”

“ನನಗೆ. ನಮ್ಮ ತಂದೆಗೆ ಅನುಮಾನ ಇದೆ.”

“ಅನುಮಾನವಾಗಿಯೇ ಇರಲಿ. ಉಳಿದ ಎರಡು ಜಿಲ್ಲೆಯದು ಸರಿಯಾಗಿದೆ. ಇದು ಹೀಗೆ ಹೊರಗೆ ಬಿದ್ದರೆ ಅದನ್ನೂ ಯಾರೂ ನಂಬಲ್ಲ. ಮತ್ತೆ ಯಂತ್ರಕ್ಕೆ ಹಾಕಬೇಕು, ಪಟ್ಟಿ ಅಚ್ಚಾಗಬೇಕು, ಮೇಲಿನವರು ಪ್ರಕಟಣೆ ಕೊಡಬೇಕು. ಅಲ್ಲಿಯವರೆಗೆ ಮನೆಯವರ ಹತ್ತಿರವೂ ಬಾಯಿಬಿಡಕೂಡದು. ಬಿಟ್ಟರೆ ನಿಮ್ಮ ಕೆಲಸವೂ ಇರಲ್ಲ, ನನ್ನದೂ ಇರಲ್ಲ.”

“ಎಷ್ಟು ದಿನ ಆಗುತ್ತೆ ಸಾರ್?”

“ಎರಡು ವಾರದೊಳಗೆ.”

ಅವರು ಕೆಟ್ಟ ಮನುಷ್ಯರಲ್ಲ. ನಾನೇ ಆ ಕುರ್ಚಿಯಲ್ಲಿದ್ದಿದ್ದರೂ ಹಾಗೇ ಹೇಳುತ್ತಿದ್ದೆನೋ ಏನೋ. ಆದರೆ ಮದುವೆಯ ವಿಷಯವನ್ನು ನಾನು ಅವರಿಗೆ ಹೇಳಲೇ ಇಲ್ಲ. ಹೇಳಿದ್ದರೆ ಒಬ್ಬರ ಮನೆಗಾದರೂ ಗುಟ್ಟಾಗಿ ತಿಳಿಸಿ ಎನ್ನುತ್ತಿದ್ದರೇ? ತಿಳಿಯದು. ಕೇಳಿ ನೋಡುವ ಧೈರ್ಯ ಮಾಡಲಿಲ್ಲ.

ಮಂಗಳವಾರ ಮಳವಳ್ಳಿ ಬಸ್ಸಿನ ಕಂಡಕ್ಟರ ಕೈಗೆ ಚೀಟಿ ಕೊಟ್ಟೆ. “ನೋಡುತ್ತಿದ್ದೇವೆ. ಇನ್ನೂ ಏನೂ ಗೊತ್ತಾಗಿಲ್ಲ” ಎಂದು ಬರೆದಿದ್ದೆ. ಅಷ್ಟು ಬರೆಯುವುದಕ್ಕೆ ಮೂರು ಹಾಳೆ ಹರಿದಿದ್ದೆ. ಕಂಡಕ್ಟರು ಅದನ್ನು ಜೇಬಿಗಿಳಿಸಿ, “ಮೇಷ್ಟ್ರು ಮೂರ್ ದಿನದಿಂದ ಸ್ಟ್ಯಾಂಡ್‌ತಾವೇ ಬಂದು ನಿಂತ್ಕತಾವ್ರೆ ಕಣಪ್ಪ, ಏನ್ ಸಮಾಚಾರ?” ಎಂದ. ಮೂರು ದಿನ ಆಗಿರಲಿಲ್ಲ; ಭಾನುವಾರ ಸಂಜೆ ನನ್ನನ್ನು ಬಸ್ಸು ಹತ್ತಿಸಲು ಬಂದದ್ದೂ ಸೇರಿ ಅವನಿಗೆ ಹಾಗೆ ಕಂಡಿರಬೇಕು. ನಾನು ಏನಿಲ್ಲ ಎಂದೆ.

ನಡುವೆ ಬಂದ ಭಾನುವಾರ ಊರಿಗೆ ಹೋಗಲಿಲ್ಲ. ಮಂಡ್ಯದ ನನ್ನ ಕೋಣೆಯಿಂದ ಮಳವಳ್ಳಿಗೆ ಒಂದೂವರೆ ಗಂಟೆಯ ಬಸ್ಸು. ಅವತ್ತು ಮಧ್ಯಾಹ್ನ ಸ್ಟ್ಯಾಂಡಿನವರೆಗೂ ಹೋದೆ. ಬಸ್ಸು ನಿಂತಿತ್ತು, ಕಿಟಕಿ ಪಕ್ಕದ ಸೀಟೂ ಖಾಲಿಯಿತ್ತು. ಹೋಗಿ ಅಪ್ಪನ ಕಿವಿಯಲ್ಲಿ ಒಂದು ಮಾತು ಹೇಳಿದರೆ ಸಾಕು, ಅವರು ಯಾರ ಹೆಸರನ್ನೂ ಎತ್ತದೆ ಕುಲುಮೆಗೆ ಹೋಗಿ ಕೂರುತ್ತಾರೆ ಎಂದು ನನಗೆ ಗೊತ್ತಿತ್ತು. ಬಸ್ಸು ಹೊರಟ ಮೇಲೆ ಅದರ ಧೂಳಿನಲ್ಲಿ ಸ್ವಲ್ಪ ಹೊತ್ತು ನಿಂತಿದ್ದು, ಕೋಣೆಗೆ ವಾಪಸ್ಸು ಬಂದು ಬಾಗಿಲು ಹಾಕಿಕೊಂಡೆ. ಕೆಲಸ ಹೋಗುತ್ತದೆಂಬ ಭಯ ಇತ್ತು ನಿಜ. ಅದಕ್ಕಿಂತ ಹೆಚ್ಚಾಗಿ, ವಯಸ್ಸಾದ ಮೇಲೆ ಮರೆವು ಬರುತ್ತದೆ ಎಂದು ಯಾರಿಗೆ ಹೇಳಿದ್ದೆನೋ ಅವರ ಎದುರು ಹೋಗಿ ನಿಲ್ಲಲು ಆಗಲಿಲ್ಲ.

ಗುರುವಾರ ಮದುವೆಯಾಯಿತು. ಶನಿವಾರ ಪ್ರಕಟಣೆ ಬಂತು. ತಾಂತ್ರಿಕ ಕಾರಣದಿಂದ ಮಂಡ್ಯ ಜಿಲ್ಲೆಯ ಗಣಿತದ ಅಂಕಗಳನ್ನು ಪರಿಷ್ಕರಿಸಲಾಗಿದೆ ಎಂದು ಎರಡು ಸಾಲು.

ಭಾನುವಾರ ಊರಿಗೆ ಹೋದೆ. ಅಪ್ಪನ ಕೈಗೆ ಹೊಸ ಪಟ್ಟಿ ಆಗಲೇ ಸಿಕ್ಕಿತ್ತು. ಅವರ ತರಗತಿಯಲ್ಲಿ ನಾಲ್ಕೇ ಜನ ನಪಾಸು. ಹುಡುಗಿಗೆ ಮೂವತ್ತೇಳು. ಅವರ ಮುಖದಲ್ಲಿ ನಾನು ಹುಡುಕಿದ್ದು ಸಂತೋಷವನ್ನಾಗಲಿ, ಗೆದ್ದ ಭಾವವನ್ನಾಗಲಿ ಅಲ್ಲ, ಬೈಗುಳವನ್ನು. ಅದೂ ಇರಲಿಲ್ಲ.

“ನಿನಗೆ ಯಾವತ್ತು ಗೊತ್ತಾಯ್ತು?” ಎಂದರು.

“ಹೋದ ಭಾನುವಾರದ ಹಿಂದಿನ ಸೋಮವಾರ.”

“ಚೀಟಿ ಕಳಿಸಿದ್ದು ಮಂಗಳವಾರ.”

“ಹೌದು.”

ಆ ಹೊತ್ತಿಗೆ ಸರಿಯಾಗಿ ಕಮ್ಮಾರರು ಬಂದರು. ಮದುವೆಯ ಮನೆಯಿಂದ ಹಣ್ಣು, ಎಲೆ ಅಡಿಕೆ ತಂದಿದ್ದರು. ಜಗುಲಿಯ ಅಂಚಿನಲ್ಲಿ ಕೂತು, ಟವೆಲಿನಲ್ಲಿ ಮುಖ ಒರೆಸಿಕೊಂಡರು.

“ಮೇಷ್ಟ್ರೇ, ನಿಮ್ ಮಾತು ಸುಳ್ಳಾಗಿರ್ನಿಲ್ಲ. ನಂಗೇ ಆತ್ರ. ಇನ್ನೊಂದೆಲ್ಡು ದಿನ ತಡ್ದಿದ್ರೆ ಆಗ್ತಿತ್ತು. ಯಾರ್ನ ಅನ್ನಾದು? ನಾನೇ ಮಗೀನ್ ಕಾಲ್ ಮುರ್ದೆ.”

“ನೀವು ಹಾಗನ್ನಬೇಡಿ. ನಾನು ಗಟ್ಟಿಯಾಗಿ ಹೇಳಬೇಕಿತ್ತು” ಎಂದರು ಅಪ್ಪ.

“ನಿಮ್ದೇನೈತೆ ತಪ್ಪು? ಬುಡಿ.”

ಇಬ್ಬರೂ ತಪ್ಪನ್ನು ತಮ್ಮತಮ್ಮ ಕಡೆಗೆ ಎಳೆದುಕೊಳ್ಳುತ್ತಿದ್ದರು. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಅಪ್ಪ ಒಮ್ಮೆ ನನ್ನ ಕಡೆ ನೋಡಿದರು. ಈಗಲಾದರೂ ಹೇಳು ಎಂದು ಆ ನೋಟದಲ್ಲಿ ಇತ್ತು. ನಾನು ಬೀದಿಯ ಕಡೆ ಮುಖ ತಿರುಗಿಸಿದೆ. ಕಮ್ಮಾರರು ಎದ್ದು, ನನಗೂ ಒಂದು ನಮಸ್ಕಾರ ಹಾಕಿ ಹೋದರು.

ಅವರು ಬೀದಿ ತಿರುಗುವವರೆಗೂ ಅಪ್ಪ ನೋಡುತ್ತಿದ್ದರು. ಆಮೇಲೆ ಹೇಳಿದರು: “ಅವಳ ಹೊಸ ಅಂಕಪಟ್ಟಿ ಶಾಲೆಗೆ ಬಂದ ದಿನ ನಿಡಘಟ್ಟಕ್ಕೆ ನೀನೇ ತಗೊಂಡು ಹೋಗು.”

ಹದಿನೈದು ದಿನದ ಮೇಲೆ ಹೋದೆ. ಮದ್ದೂರಿನಲ್ಲಿ ಬಸ್ಸು ಬದಲಾಯಿಸಿ, ಬೆಂಗಳೂರು ರಸ್ತೆಯ ಬಸ್ಸು ಹತ್ತಿ ನಿಡಘಟ್ಟದಲ್ಲಿ ಇಳಿದು ಕೇಳಿದರೆ ಮನೆ ತೋರಿಸಿದರು. ರಸ್ತೆಗೆ ಹತ್ತಿರದಲ್ಲೇ ಹೆಂಚಿನ ಮನೆ. ಹುಡುಗಿಯ ಅತ್ತೆ ಹೊರಗೆ ಬಂದು, “ಮಳವಳ್ಳಿ ಮೇಷ್ಟ್ರು ಮಗನಾ? ಒಳಕ್ ಬನ್ನಿ, ಇಂಗ್ಯಾಕ್ ನಿಂತ್ಕಂಡ್ರಿ” ಎಂದು ಚಾಪೆ ಹಾಸಿ ಮಜ್ಜಿಗೆ ಕಳಿಸಿದರು. ಒಳ್ಳೆಯ ಜನವೇ. ಹುಡುಗಿಯ ಗಂಡ ಮದ್ದೂರಿನ ಅಕ್ಕಿ ಗಿರಣಿಗೆ ಕೆಲಸಕ್ಕೆ ಹೋಗಿದ್ದ.

ಹುಡುಗಿ ಒಳಗಿನಿಂದ ಬಂದು, ಸೆರಗಿನಲ್ಲಿ ಕೈ ಒರೆಸಿಕೊಂಡು ಅಂಕಪಟ್ಟಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಮೊದಲು ಒಂದೊಂದೇ ವಿಷಯ ಓದಿ, ಆಮೇಲೆ ಒಟ್ಟು ಮೊತ್ತವನ್ನು ತುಟಿ ಅಲ್ಲಾಡಿಸುತ್ತಾ ತಾನೇ ಕೂಡಿ ನೋಡಿದಳು.

“ಸರಿಯಾಗೈತೆ” ಎಂದಳು. ಆಮೇಲೆ, “ಆ ತ್ರಿಕೋನದಲ್ಲೇ ನಂಗೆ ಮುಕ್ಕಾಲು ಗಂಟೆ ಹೋಯ್ತು. ಆಗಕ್ಕಿಲ್ಲ ಅಂತ ಗೊತ್ತಿತ್ತು. ಆದ್ರೂ ಪಬ್ಲಿಕ್ ಪರೀಕ್ಷೇಲಿ ತಪ್ಪು ಕೊಡ್ತಾರಾ ಅಂದ್ಕೊಂಡು ಅಳಿಸಿ ಅಳಿಸಿ ಬರೀತಾನೇ ಇದ್ದೆ” ಎಂದಳು.

ಅವಳೇ ಕೇಳಿದಳು: “ಮಿಷನ್ನು ಹೆಂಗೆ ತಪ್ಪು ಮಾಡ್ತು?”

ಎರಡು ಲೈಬ್ರರಿಗಳ ವಿಷಯ, ಒಂದೇ ಹೆಸರಿನ ಎರಡು ಪಟ್ಟಿಗಳ ವಿಷಯ ಹೇಳಿದೆ. ನಮ್ಮ ಆಫೀಸಿನಲ್ಲಿ ಹೊಸಬರಿಗೆ ಇದನ್ನು ತಿಳಿಸಲು ಒಂದು ದಿನ ಬೇಕಾಗುತ್ತಿತ್ತು. ಅವಳು ಕಣ್ಣು ಕಿರಿದು ಮಾಡಿಕೊಂಡು ಒಂದೇ ಸಲಕ್ಕೆ ಕೇಳಿಸಿಕೊಂಡಳು.

“ಹಂಗಾದ್ರೆ ಇನ್ನೊಂದೈತೆ ಅಂತ ಅದಕ್ಕೆ ಗೊತ್ತೇ ಆಗಲ್ವಾ?”

“ಗೊತ್ತಾಗಲ್ಲ. ಒಂದು ಸಿಕ್ಕಿದ ಮೇಲೆ ಮುಂದಕ್ಕೆ ನೋಡಲ್ಲ.”

“ಯಾವುದನ್ನ ಮೊದಲು ನೋಡ್ಬೇಕು ಅಂತ ಹೇಳೋರು ಯಾರು?”

“ಆ ಕಾರ್ಡು ಇಡೋನು. ನಾನೇ.”

ಅವಳು ಅಂಕಪಟ್ಟಿಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿದಳು. ರಸ್ತೆಯಲ್ಲಿ ಲಾರಿಯೊಂದು ಹೋಯಿತು, ಹೆಂಚು ಅದುರಿತು.

“ಯಾವತ್ತು ಗೊತ್ತಾಯ್ತು ನಿಮಗೆ?”

ಸುಳ್ಳು ಹೇಳಬಹುದಿತ್ತು. ಅಪ್ಪನಿಗೆ ಬರೆದು ಹೇಳಿದ ಸುಳ್ಳೇ ಸಾಕಾಗಿತ್ತು. ದಿನ ಹೇಳಿದೆ.

“ಹತ್ತು ದಿನ ಇತ್ತು” ಎಂದಳು. ದನಿ ಏರಲಿಲ್ಲ. “ಮೇಷ್ಟ್ರು ದಿನಾ ಬಸ್ ಸ್ಟ್ಯಾಂಡಲ್ಲಿ ನಿಂತಿರ್ತಾರೆ ಅಂತ ಅಮ್ಮ ಹೇಳ್ತಿದ್ಳು. ಅರಿಸಿನ ಹಚ್ಚಿದ್ ದಿನಾನೂ ನಿಂತಿದ್ರಂತೆ.”

ಒಳಗಿನಿಂದ ಅತ್ತೆ ಕರೆದರು. ಬತ್ತೀನಿ ಎಂದು ಅವಳು ಎದ್ದವಳು ನಿಂತು ಹೇಳಿದಳು: “ನಮ್ಮಪ್ಪನಿಗೆ ಇದನ್ನ ಯಾವತ್ತೂ ಹೇಳ್ಬೇಡಿ. ಯಾರೋ ಗೊತ್ತಿದ್ದೂ ಸುಮ್ನಿದ್ರು ಅಂತ ತಿಳಿದ್ರೆ ಅವರು ತಡಕಳಕ್ಕಿಲ್ಲ. ತಾನೇ ಆತ್ರ ಮಾಡ್ದೆ ಅಂದ್ಕಂಡಿದ್ರೆ ಹೆಂಗೋ ದಿನ ಓಯ್ತದೆ.” ನನ್ನ ಮುಂದಿದ್ದ ಲೋಟದ ಕಡೆ ನೋಡಿ, “ಮಜ್ಜಿಗೆ ಕುಡೀರಿ, ಹಂಗೇ ಐತೆ” ಎಂದಳು.

ಆಮೇಲೆ ಆದದ್ದು ಹೆಚ್ಚೇನೂ ಇಲ್ಲ. ಮರುವರ್ಷ ಅಪ್ಪ ಮದ್ದೂರಿನ ಕಾಲೇಜಿನ ಅರ್ಜಿ ಹಿಡಿದು ನಿಡಘಟ್ಟಕ್ಕೆ ಹೋದರು. ಹೆರಿಗೆ ಆಗಲಿ, ನೋಡೋಣ ಎಂದರು ಅವಳ ಮಾವ. ಅದರ ಮುಂದಿನ ವರ್ಷವೂ ಹೋದರು. ಮಗು ಇನ್ನೂ ಕೈಕೂಸು ಎಂದರು. ಮೂರನೆಯ ವರ್ಷದ ಹೊತ್ತಿಗೆ ಅಪ್ಪನಿಗೆ ಬಸ್ಸು ಹತ್ತಿ ಇಳಿಯುವುದು ಕಷ್ಟವಾಗಿತ್ತು. ನಾನು ಹೋಗಲೇ ಎಂದು ಕೇಳಿದೆ. ಬೇಡ ಎಂದರು.

ಅವರು ನನ್ನ ಜೊತೆ ಮಾತು ಬಿಡಲಿಲ್ಲ. ಊಟಕ್ಕೆ ಕರೆಯುತ್ತಿದ್ದರು, ಆರೋಗ್ಯ ವಿಚಾರಿಸುತ್ತಿದ್ದರು. ನನ್ನ ಕೆಲಸದ ವಿಷಯವನ್ನು ಮಾತ್ರ ಮತ್ತೆಂದೂ ಕೇಳಲಿಲ್ಲ. ಕೊನೆಯ ಎರಡು ವರ್ಷ ಶಾಲೆಯಲ್ಲಿ ಪ್ರತಿಯೊಬ್ಬ ಹುಡುಗನ ಅಂಕಗಳನ್ನೂ ಕೈಯಿಂದ ಕೂಡಿ, ಅಚ್ಚಾಗಿ ಬಂದ ಪಟ್ಟಿಯ ಪಕ್ಕದಲ್ಲಿಟ್ಟು ನೋಡುತ್ತಿದ್ದರಂತೆ. ನಾನು ಕಂಪನಿಯಲ್ಲೇ ಮುಂದುವರಿದೆ. ಎರಡು ಲೈಬ್ರರಿಯಲ್ಲಿ ಒಂದೇ ಹೆಸರಿನ ಪಟ್ಟಿ ಇರಕೂಡದು ಎಂದು ನಿಯಮ ಬರೆದು ಗೋಡೆಗೆ ಅಂಟಿಸಿದೆ. ಮುಖ್ಯಸ್ಥರು ಅದನ್ನು ಮೆಚ್ಚಿದರು.

ಊರಿಗೆ ಹೋದಾಗಲೆಲ್ಲ ಕುಲುಮೆಯ ಮುಂದಿನ ದಾರಿಯಲ್ಲೇ ಹೋಗಬೇಕಿತ್ತು. ಕಮ್ಮಾರರು ಸುತ್ತಿಗೆ ಪಕ್ಕಕ್ಕಿಟ್ಟು ಎದ್ದು ನಿಲ್ಲುತ್ತಿದ್ದರು. “ಯಾವಾಗ್ ಬಂದ್ರಿ ಬುದ್ಧಿ? ಮಗ್ಳು ಚೆನ್ನಾಗವ್ಳೆ. ಓದಿದ್ರೆ ಇನ್ನೂ ಚೆನ್ನಾಗಿರ್ತಿದ್ಳು, ನಾನೇ ಆಳ್ಮಾಡ್ದೆ” ಎನ್ನುತ್ತಿದ್ದರು. ಪ್ರತಿ ಸಲವೂ ಇದನ್ನೇ, ಇಷ್ಟೇ ಮಾತುಗಳಲ್ಲಿ. ಅವರು ತೀರಿಹೋಗುವವರೆಗೆ ಹೆಚ್ಚುಕಡಿಮೆ ಹತ್ತು ವರ್ಷ ಇದನ್ನು ಕೇಳಿದೆ. ಹೇಳಬೇಡಿ ಎಂದು ಅವಳೇ ಕೇಳಿಕೊಂಡಿದ್ದಾಳೆ ಎಂದು ನಾನು ಸುಮ್ಮನಿದ್ದೆ. ಅವಳು ಹಾಗೆ ಕೇಳಿಕೊಳ್ಳದೆ ಇದ್ದಿದ್ದರೂ ಸುಮ್ಮನೇ ಇರುತ್ತಿದ್ದೆ.